ಎಂಜಿನ್ ಕವರ್‌ಗೆ ಸೈಲೆನ್ಸರ್ ಬಣ್ಣ ಹೊಡೆಸಬೇಡಿ

ಏಪ್ರಿಲ್ ಎರಡನೇ ವಾರ. ವಿಜಯಪುರದಿಂದ ಕೂಡಲಸಂಗಮಕ್ಕೆ ಹೊರಟಿದ್ದೆವು. ಮುಂದೆ ಅಪ್ಪ, ಹಿಂದೆ ಅವ್ವ, ಹೆಂಡತಿ, ಮಗಳು. ನಿಡಗುಂದಿ ಹತ್ತಿರ ಬಂದಾಗ ಗಾಡಿ ಜಗ್ಗಲು ಶುರು ಮಾಡಿತು. ಮೀಟರ್‌ನಲ್ಲಿ ಎಂಜಿನ್ ಲೈಟ್ ಹತ್ತಿತು. ಜೊತೆಗೆ ಬಣ್ಣದ ಘಾಟು. ಆ ವಾಸನೆ ಎರಡು ವಾರದಿಂದ ಇತ್ತು, ಎಸಿ ಹಾಕಿದರೆ ಜಾಸ್ತಿ ಬರುತ್ತಿತ್ತು. ಎಂಜಿನ್ ಕವರ್‌ಗೆ ಹೊಡೆಸಿದ ಹೊಸ ಬಣ್ಣ ಅಲ್ವಾ, ನಾಲ್ಕು ದಿನ ಕಳೆದರೆ ಹೋಗುತ್ತದೆ ಅಂತ ಬಿಟ್ಟಿದ್ದೆ.

ರಸ್ತೆ ಬದಿಗೆ ನಿಲ್ಲಿಸಿ ಬಾನೆಟ್ ಎತ್ತಿದೆ. ಎಂಜಿನ್ ಮೇಲಿನ ಪ್ಲಾಸ್ಟಿಕ್ ಕವರ್ ಒಂದು ಕಡೆ ವಾಲಿತ್ತು. ಸಿಲ್ವರ್ ಬಣ್ಣ ಗುಳ್ಳೆ ಎದ್ದಿತ್ತು. ಬೆರಳು ತಾಗಿಸಿದರೆ ಮೆತ್ತಗೆ ಅಂಟಿಕೊಂಡು ಬಂತು. ಕವರ್‌ನ ಅಂಚು ಇಂಜೆಕ್ಟರ್ (ಎಂಜಿನ್ ಒಳಗೆ ಡೀಸೆಲ್ ಚಿಮ್ಮಿಸುವ ಭಾಗ) ವೈರಿಂಗ್ ಮೇಲೆ ಕೂತು, ಉಜ್ಜಿ ಉಜ್ಜಿ, ಮೇಲಿನ ಸುರುಳಿ ಪೈಪನ್ನು ಸವೆಸಿ ಒಳಗಿನ ತಾಮ್ರ ಕಾಣುವಂತೆ ಮಾಡಿತ್ತು. ಊರಿನ ಮಿಸ್ತ್ರಿಯೊಬ್ಬರು ಬಂದು ಟೇಪ್ ಸುತ್ತಿ, ಕವರ್ ಬಿಚ್ಚಿ ಡಿಕ್ಕಿಯಲ್ಲಿ ಇಟ್ಟರು. "ಇದನ್ನ ಹಾಕಬ್ಯಾಡ್ರಿ ಸರ, ಹಂಗ ಹೋಗ್ರಿ" ಅಂದರು. ಆ ಬಿಸಿಲಿನಲ್ಲಿ ಅವ್ವ ಒಂದೂವರೆ ತಾಸು ಬೇವಿನ ಮರದ ಕೆಳಗೆ ಕೂತಿದ್ದಳು. ಈ ಬರಹ ಬರೆಯಲು ಅದೇ ಕಾರಣ.

ನಡೆದದ್ದು ಇಷ್ಟು. ನನ್ನದು 2017ರ ಡೀಸೆಲ್ ಗಾಡಿ, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಎಂಜಿನ್ ಕವರ್ ಬೆಳ್ಳಗೆ ಮಾಸಿತ್ತು. ಯುಗಾದಿಗೆ ಮೊದಲು ಅದಕ್ಕೆ ಸಿಲ್ವರ್ ಬಣ್ಣ, ಅಕ್ಷರಗಳಿಗೆ ಕೆಂಪು ಹೊಡೆಸಬೇಕು ಅಂತ ಆಸೆ. ಇಲ್ಲೇ ಊರಿನ ಒಂದು ಅಂಗಡಿಗೆ ಕೊಟ್ಟೆ. ಬಣ್ಣ ಉಳಿಯುತ್ತದಾ ಅಂತ ಎರಡು ಸಲ ಕೇಳಿದೆ. ಅವರು ಡಬ್ಬಿ ತೋರಿಸಿದರು. "ಸೈಲೆನ್ಸರ್‌ಗೆ ಹೊಡಿಯೋ ಬಣ್ಣ ರೀ ಸರ. 600 ಡಿಗ್ರಿ ತಡೀತೈತಿ. ನಿಮ್ಮ ಪ್ಲಾಸ್ಟಿಕ್ ಯಾವ ಲೆಕ್ಕ ರೀ?" ಡಬ್ಬಿಯ ಮೇಲೆ 600 ಅಂತಲೇ ಇತ್ತು. ನಾನು ನಂಬಿದೆ. ಒಂದೂವರೆ ಸಾವಿರ ಕೊಟ್ಟೆ.

ಆ 600 ಎಂಬ ಸಂಖ್ಯೆ ಸುಳ್ಳಲ್ಲ, ಆದರೆ ಅದು ಕಬ್ಬಿಣದ ಮೇಲಿನ ಮಾತು. ಸೈಲೆನ್ಸರ್ ಬಣ್ಣ ಗಾಳಿಗೆ ಒಣಗಿದಂತೆ ಕಂಡರೂ ಒಳಗೆ ಹಸಿಯಾಗಿಯೇ ಇರುತ್ತದೆ. ಅದು ಗಟ್ಟಿಯಾಗಲು ಸುಮಾರು 200 ಡಿಗ್ರಿವರೆಗೆ ಕಾಯಬೇಕು. ಸೈಲೆನ್ಸರ್ ಆದರೆ ಗಾಡಿ ಓಡಿದ ಹಾಗೆ ತಾನೇ ಕಾದು ಬಣ್ಣ ಬೇಯುತ್ತದೆ. ಎಂಜಿನ್ ಕವರ್ ಅಷ್ಟು ಕಾಯುವುದೇ ಇಲ್ಲ. ಕಾಯಲೂಬಾರದು. ಹೆಚ್ಚಿನ ಕವರ್‌ಗಳು ಪಾಲಿಪ್ರೊಪಿಲೀನ್ ಇಲ್ಲವೇ ನೈಲಾನ್ ಎಂಬ ಪ್ಲಾಸ್ಟಿಕ್. ಪಾಲಿಪ್ರೊಪಿಲೀನ್ 160 ಡಿಗ್ರಿ ಆಸುಪಾಸಿನಲ್ಲೇ ಕರಗುತ್ತದೆ, ನೈಲಾನ್ 220ರ ಹತ್ತಿರ. ಅಂದರೆ ಬಣ್ಣ ಬೇಯುವಷ್ಟು ಕಾಯಿಸಲು ಹೋದರೆ ಕವರೇ ಕೈಬಿಡುತ್ತದೆ. ಹಾಗಾಗಿ ಬಣ್ಣ ಕೊನೆವರೆಗೂ ಹಸಿ. ನನ್ನ ಕವರ್ ಮುಟ್ಟಿದಾಗಲೆಲ್ಲ ಕೈಗೆ ಬೆಳ್ಳಿ ಪುಡಿ ಹತ್ತುತ್ತಿತ್ತು. ಅದೇ ಗುರುತು. ಅದರ ಮೇಲೆ ಹೊಡೆದ ಕೆಂಪು ಎನಾಮಲ್ ಸುಕ್ಕುಗಟ್ಟಿದ್ದೂ ಅದಕ್ಕೇ.

ನಮ್ಮ ಕಡೆ ಬೇಸಿಗೆಯಲ್ಲಿ ಹೊರಗೇ 40 ದಾಟುತ್ತದೆ. ಎಂಜಿನ್‌ನ ಕೂಲಂಟ್ (ತಣಿಸುವ ದ್ರವ) 90 ಡಿಗ್ರಿ ಆಚೀಚೆ ಇರುತ್ತದೆ. ಗಾಡಿ ಓಡುವಾಗ ಗಾಳಿಯಾದರೂ ಆಡುತ್ತದೆ. ನಿಲ್ಲಿಸಿದ ಮೇಲೆ ಅದೂ ಇಲ್ಲ, ಕಾವೆಲ್ಲ ನೇರ ಮೇಲೆದ್ದು ಕವರ್‌ಗೆ ತಾಗುತ್ತದೆ. ಹಸಿ ಬಣ್ಣ ಗುಳ್ಳೆ ಏಳಲು ಇಷ್ಟು ಸಾಕು.

ಇನ್ನೊಂದು ತಪ್ಪು ಕೆಳಗಿನದು. ಸರ್ವಿಸ್ ಮಾಡಿಸುವಾಗ ಹೊಳಪಿಗೆ ಅಂತ ಕವರ್ ಮೇಲೆ ಸಿಲಿಕಾನ್ ಪಾಲಿಶ್ ಹೊಡೆಯುತ್ತಾರೆ. ಅದನ್ನು ತೊಳೆದು ತೆಗೆಯದೆ ಬಣ್ಣ ಹೊಡೆದರೆ ಮೀನಿನ ಕಣ್ಣಿನಂಥ ತೂತುಗಳು ಬೀಳುತ್ತವೆ. ಬಣ್ಣದ ಅಂಗಡಿಯವರು ಥಿನ್ನರ್ ಬಟ್ಟೆಯಿಂದ ಒಮ್ಮೆ ಒರೆಸಿದ್ದು ಅಷ್ಟೇ. ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳು ಕಾಗದ) ಮುಟ್ಟಿಸಿಲ್ಲ, ಬಣ್ಣ ಹಿಡಿಯಲಿ ಅಂತ ಮೊದಲು ಹೊಡೆಯುವ ಪ್ಲಾಸ್ಟಿಕ್ ಪ್ರೈಮರ್ ಹೊಡೆದಿಲ್ಲ. ಪಾಲಿಪ್ರೊಪಿಲೀನ್‌ಗೆ ಬಣ್ಣ ಸುಮ್ನೆ ಹಿಡಿಯುವುದಿಲ್ಲ.

ಆದರೆ ನನ್ನನ್ನು ದಾರಿಯಲ್ಲಿ ನಿಲ್ಲಿಸಿದ್ದು ಬಣ್ಣ ಅಲ್ಲ, ರಬ್ಬರ್ ಬುಶ್. ಕವರ್‌ನ ಹಿಂಭಾಗದಲ್ಲಿ ನಾಲ್ಕು ಸಣ್ಣ ರಬ್ಬರ್ ಬುಶ್ ಇರುತ್ತವೆ. ಎಂಜಿನ್ ಮೇಲಿನ ಗುಂಡು ತಲೆಯ ಬೋಲ್ಟ್‌ಗೆ ಅವು ಕಚ್ಚಿಕೊಂಡರೆ ಕವರ್ ಅಲುಗಾಡುವುದಿಲ್ಲ. ಬಣ್ಣದವರು ಅವನ್ನು ಕಿತ್ತಿಟ್ಟಿದ್ದರು, ವಾಪಸ್ ಹಾಕಿದ್ದು ಎರಡೇ. ಆ ಎರಡರ ಒಳಗೂ ಬಣ್ಣ ತುಂಬಿತ್ತು. ಕವರ್ ಒಳಗಿದ್ದ ಕಪ್ಪು ಸ್ಪಂಜನ್ನೂ ಕಿತ್ತು ಎಸೆದಿದ್ದರು. "ಅದು ಸುಮ್ನ ಕಸ ರೀ" ಅಂದಿದ್ದರು. ಡೀಸೆಲ್ ಎಂಜಿನ್ ಸದ್ದು ತಗ್ಗಿಸುವುದೇ ಆ ಸ್ಪಂಜು. ಯುಗಾದಿ ನಂತರ ಗಾಡಿ ಸದ್ದು ಜಾಸ್ತಿಯಾದಾಗಲೇ ನಾನು ಬಾನೆಟ್ ಎತ್ತಿ ನೋಡಬೇಕಿತ್ತು.

ವೈರಿಂಗ್ ಸರಿ ಮಾಡಿಸಲು 2,600 ಆಯಿತು. ಅಂಗಡಿಯವರ ಹತ್ತಿರ ಹೋದರೆ "ನಿಮ್ಮ ಎಂಜಿನ್ ಹೀಟ್ ಆಗಿರಬೇಕ್ರಿ" ಅಂದರು. ಎಂಜಿನ್ ಹೀಟ್ ಆಗಿರಲಿಲ್ಲ, ಸ್ಕ್ಯಾನ್ ಮಾಡಿಸಿ ನೋಡಿದ್ದೇನೆ. ಪೇಂಟ್ ರಿಮೂವರ್ ಹಚ್ಚಿ ಬಣ್ಣ ತೆಗೆದುಕೊಡುತ್ತೇನೆ ಅಂತಲೂ ಅಂದರು. ನಾನು ಒಪ್ಪಲಿಲ್ಲ. ಲೋಹಕ್ಕೆ ಹಚ್ಚುವ ರಿಮೂವರ್ ಪ್ಲಾಸ್ಟಿಕ್ಕನ್ನೂ ಮೆತ್ತಗೆ ಮಾಡಿಬಿಡಬಹುದು.

ಆಮೇಲೆ ಬಂಪರ್ ಬಣ್ಣ ಮಾಡುವ ಒಬ್ಬ ಕಾಕಾ ಅವರಿಗೆ ತೋರಿಸಿದೆ. ಅವರು ಮೊದಲು ಮಾಡಿದ ಕೆಲಸ ಕವರ್ ತಿರುವಿ ಹಾಕಿ ಹಿಂದಿನ ಅಕ್ಷರ ಓದಿದ್ದು. 'ಪಿಪಿ' ಅಂತ ಇದ್ದರೆ ಪಾಲಿಪ್ರೊಪಿಲೀನ್. 'ಪಿಎ6-ಜಿಎಫ್30' ಅಂತ ಇದ್ದರೆ ನೈಲಾನ್, ಅದರಲ್ಲಿ ನೂರಕ್ಕೆ 30 ಪಾಲು ಗಾಜಿನ ನಾರು. ನನ್ನದು ಪಿಪಿ. "ಬಂಪರ್ ಜಾತೀದ ಪ್ಲಾಸ್ಟಿಕ್ ಐತಿ ತಮ್ಮಾ, ಬಂಪರ್ ಮಾಡಿದಂಗ ಮಾಡಬೇಕು" ಅಂದರು. ಸೋಪಿನ ನೀರಲ್ಲಿ ತೊಳೆದು, 400 ಮತ್ತು 600 ನಂಬರ್ ವಾಟರ್ ಪೇಪರ್ ಹೊಡೆದು, ಸ್ಪಿರಿಟ್‌ನಿಂದ ಒರೆಸಿ, ಪ್ಲಾಸ್ಟಿಕ್ ಪ್ರೈಮರ್ ತೆಳ್ಳಗೆ, ಅದರ ಮೇಲೆ ಗಾಡಿಗೆ ಹೊಡೆಯುವ ಬಣ್ಣ, ಕೊನೆಗೆ ಹಾರ್ಡ್‌ನರ್ ಬೆರೆಸಿದ ಕ್ಲಿಯರ್, ಅಂದರೆ ಬಣ್ಣವಿಲ್ಲದ ಹೊಳಪಿನ ಲೇಪ. ಹಾರ್ಡ್‌ನರ್ ಇದ್ದರೆ ಬಣ್ಣ ಬೇಯಿಸಬೇಕಾಗಿಲ್ಲ, ತಾನೇ ಗಟ್ಟಿಯಾಗುತ್ತದೆ. ಮನೆಯಲ್ಲಿ ನೀವೇ ಮಾಡುವುದಾದರೆ ಆ ಕ್ಲಿಯರ್ ಮಾತ್ರ ಹೊಡೆಯಲು ಹೋಗಬೇಡಿ. ಅದರ ಹಾರ್ಡ್‌ನರ್‌ನಲ್ಲಿ ಐಸೊಸೈನೇಟ್ ಎಂಬ ರಾಸಾಯನಿಕ ಇರುತ್ತದೆ, ಉಸಿರಿಗೆ ಹೋದರೆ ಆಸ್ತಮಾ ತರಬಲ್ಲದು. ಮೂಗಿಗೆ ಕರ್ಚೀಫ್ ಕಟ್ಟಿಕೊಂಡರೆ ಸಾಲದು.

ನಾನು ಸದ್ಯಕ್ಕೆ ಬಣ್ಣ ಹೊಡೆಸಿಲ್ಲ. ಹಳೆ ಬಣ್ಣವನ್ನು ಮೂರು ಸಂಜೆ ಕೂತು ಪೇಪರ್‌ನಿಂದಲೇ ಉಜ್ಜಿ ತೆಗೆದೆ. ಹೊಸ ಬುಶ್ ನಾಲ್ಕೂ ತಂದು ಹಾಕಿದೆ. ಸ್ಪಂಜು ಮಾತ್ರ ಸಿಕ್ಕಿಲ್ಲ. ಹಾಸಿಗೆಯ ಸ್ಪಂಜು ಕತ್ತರಿಸಿ ಅಂಟಿಸು ಅಂತ ಗೆಳೆಯರು ಹೇಳುತ್ತಾರೆ. ಅದು ಬೇಗ ಬೆಂಕಿ ಹಿಡಿಯುತ್ತದೆ, ಎಂಜಿನ್ ಮೇಲೆ ದಯವಿಟ್ಟು ಯಾರೂ ಇಡಬೇಡಿ.

ನಿಮ್ಮಲ್ಲಿ ಯಾರಾದರೂ ಇತ್ತೀಚೆಗೆ ಕವರ್‌ಗೆ ಬಣ್ಣ ಹೊಡೆಸಿದ್ದರೆ, ನಾಳೆ ಬೆಳಗ್ಗೆ ಎಂಜಿನ್ ತಣ್ಣಗಿದ್ದಾಗ ಬಾನೆಟ್ ಎತ್ತಿ. ಕವರ್‌ನ ನಾಲ್ಕೂ ಮೂಲೆ ಹಿಡಿದು ಅಲುಗಾಡಿಸಿ ನೋಡಿ. ಕೈಗೆ ಪುಡಿ ಹತ್ತಿದರೆ, ಇಲ್ಲವೇ ಒಂದು ಮೂಲೆಯಾದರೂ ಆಡಿದರೆ, ಬಿಚ್ಚಿ ಮನೆಯಲ್ಲಿಡಿ. ಬರೀ ಅಂದಕ್ಕೂ ಸದ್ದಿಗೂ ಇರುವ ಕವರ್ ಆದರೆ ಅದಿಲ್ಲದೆ ಗಾಡಿ ಓಡುತ್ತದೆ. ಕೆಲವು ಗಾಡಿಗಳಲ್ಲಿ ಏರ್ ಫಿಲ್ಟರ್ ಈ ಕವರ್‌ನ ಒಳಗೇ ಇರುತ್ತದೆ, ಅಂಥ ಕವರನ್ನು ಮಾತ್ರ ಬಿಚ್ಚಿ ಓಡಿಸಬೇಡಿ, ಮಿಸ್ತ್ರಿಗೆ ತೋರಿಸಿ.