ತೊಟ್ಟಿಲಿಗೆ ಕಟ್ಟುವ ಹಾಡುವ ಗೊಂಬೆ: ಜೋಗುಳದ ಕೆಲಸ ಇದರಿಂದ ಆಗುತ್ತದೆಯೇ?

ತುಮಕೂರಿನ ಎಂ.ಜಿ. ರಸ್ತೆಯ ಅಂಗಡಿಗಳಲ್ಲಿ ನಾಮಕರಣಕ್ಕೆ ಉಡುಗೊರೆ ಕೇಳಿದರೆ ಗಿಲಕಿಯ ಜೊತೆಗೇ ಈ ಗೊಂಬೆಯನ್ನೂ ತೆಗೆದಿಡುತ್ತಾರೆ. ಬಟ್ಟೆಯ ಆನೆ, ಹೊಟ್ಟೆಯೊಳಗೆ ಪ್ಲಾಸ್ಟಿಕ್ ಡಬ್ಬಿ, 3 ಪೆನ್ಸಿಲ್ ಸೆಲ್, 12 ರಾಗ, 15 ನಿಮಿಷಕ್ಕೆ ತಾನೇ ನಿಲ್ಲುವ ಟೈಮರ್. ಹೊಲಿಗೆ ಗಟ್ಟಿ, ಟೈಮರ್ ನಿಜಕ್ಕೂ ಉಪಯೋಗದ್ದು. ಮಡಚಿಡಬೇಕಾದ ಬಟ್ಟೆ ರಾಶಿ ಬಿದ್ದಿರುವಾಗ, ಅಳದೆ ಸುಮ್ಮನೆ ಮಲಗಿರುವ ಮಗುವಿಗೆ ಇಷ್ಟು ಸಾಕು.

ರಚ್ಚೆ ಹಿಡಿದ ಮಗುವಿಗೆ ಸಾಲದು. ಒಳಗಿರುವುದು ಬರೀ ಟಿಂಟಿಣಿ ಸ್ವರ, ಮನುಷ್ಯರ ದನಿಯೇ ಇಲ್ಲ. ಮಾಂಟ್ರಿಯಲ್‌ನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎಂದೂ ಕೇಳಿರದ ತುರ್ಕಿ ಭಾಷೆಯ ಹಾಡು ಕೇಳಿಸಿದಾಗ 6ರಿಂದ 9 ತಿಂಗಳ ಕೂಸುಗಳು ಸುಮಾರು 9 ನಿಮಿಷ ಅಳದೆ ಇದ್ದವು. ಮಾತು ಕೇಳಿಸಿದಾಗ ಅದರ ಅರ್ಧದಷ್ಟೂ ಹೊತ್ತು ಇರಲಿಲ್ಲ. ಅಲ್ಲಿ ಕೇಳಿಸಿದ್ದು ಧ್ವನಿಮುದ್ರಣವೇ, ಆದರೆ ಹಾಡಿದ್ದು ಮನುಷ್ಯರ ಕಂಠ.

ಇನ್ನೊಂದು ಕೊರತೆ ಇದಕ್ಕಿಂತ ದೊಡ್ಡದು. ಮಗುವಿನ ಕೆಳತುಟಿ ಸೊಟ್ಟಗಾಗಿ, ಮುಷ್ಟಿ ಬಿಗಿಯಿತು ಅನ್ನಿ. ಅಜ್ಜಿಯಾದರೆ ತಕ್ಷಣ ಎದೆಗೆ ಆನಿಸಿಕೊಂಡು, ಅಳುವಿನ ವೇಗಕ್ಕೇ ಚುರುಕಾಗಿ ಶುರು ಮಾಡುತ್ತಾಳೆ. ಉಸಿರು ಹದಕ್ಕೆ ಬಂದಂತೆ ‘ಜೋ’ಕಾರವನ್ನು ಉದ್ದಕ್ಕೆ ಎಳೆಯುತ್ತಾಳೆ, ದನಿ ತಗ್ಗಿಸುತ್ತಾಳೆ, ಕಣ್ಣು ಮುಚ್ಚಿದ ಮೇಲೆ ಬರೀ ಗುಂಯ್‌ಗುಡುತ್ತಾಳೆ. ಗೊಂಬೆ ಮಗುವಿನ ಮುಖ ನೋಡಲಾರದು. ಅತ್ತರೂ ನಕ್ಕರೂ ಒಂದೇ ಲಯ. ಮಗು ನೆಮ್ಮದಿಗೆ ಮರಳುವುದು ಈ ಹೊಂದಾಣಿಕೆಯಿಂದ. ಕಂಠ ಚೆನ್ನಾಗಿಲ್ಲ ಎಂದು ಹಿಂಜರಿಯುವ ತಾಯಂದಿರೇ, ಅಪ್ಪಂದಿರೇ, ಶ್ರುತಿ ತಪ್ಪಿದರೂ ಹಾಡಿ. ಎಳೆಗೂಸಿಗೆ ಚೆನ್ನಾಗಿ ಕಾಣುವುದು 20–30 ಸೆಂ.ಮೀ. ದೂರದ ಮುಖ, ಅಷ್ಟು ಹತ್ತಿರದಲ್ಲಿರಿ. ದಿನವೂ ಅದೇ ಹಾಡಿರಲಿ, ಗುರುತಾಗುತ್ತದೆ. ಹಾಲು, ಒದ್ದೆ ಬಟ್ಟೆ, ಜ್ವರ ಇವನ್ನು ಮೊದಲು ನೋಡಿ; ಹಸಿದ ಕೂಸಿಗೆ ಯಾವ ಹಾಡೂ ಹಿಡಿಸದು.

ಗೊಂಬೆ ಈಗಾಗಲೇ ಮನೆಗೆ ಬಂದಿದ್ದರೆ, ತೊಟ್ಟಿಲ ಸರಳಿಗೆ ಕಟ್ಟಿ ಎಂದು ಅದರ ಪೊಟ್ಟಣದ ಮೇಲೆ ಬರೆದಿದ್ದರೂ ಕಟ್ಟಬೇಡಿ, ಸದ್ದು ಕಿವಿಗೆ ತೀರ ಹತ್ತಿರವಾಗುತ್ತದೆ. ಮಕ್ಕಳನ್ನು ಮಲಗಿಸುವ 14 ಶಬ್ದಯಂತ್ರಗಳನ್ನು ಪೂರ್ತಿ ವಾಲ್ಯೂಮಿನಲ್ಲಿಟ್ಟು 30 ಸೆಂ.ಮೀ. ದೂರದಿಂದ ಅಳೆದಾಗ ಅಷ್ಟೂ 50 ಡೆಸಿಬಲ್ ದಾಟಿದ್ದವು, 3 ಯಂತ್ರ 85ನ್ನೂ ಮೀರಿದ್ದವು ಎಂದು 2014ರ ಅಧ್ಯಯನವೊಂದು ತೋರಿಸಿದೆ. 2 ಮೀಟರ್ ಆಚೆಯ ಗೂಡಿನಲ್ಲಿಟ್ಟು ಕಡಿಮೆ ವಾಲ್ಯೂಮಿನಲ್ಲೇ ಹಾಕಿ. ಕಟ್ಟಲೇಬೇಕೆಂದರೂ 5 ತಿಂಗಳಿಗೆ, ಅಥವಾ ಅದಕ್ಕೂ ಮೊದಲೇ ಮಗು ಕೈ-ಮಂಡಿ ಊರಿ ಏಳತೊಡಗಿದರೆ ಆಗಲೇ, ಬಿಚ್ಚಿಬಿಡಿ. ದಾರ ಕೊರಳಿಗೆ ಸುತ್ತಿಕೊಳ್ಳಬಹುದು. ಸೆಲ್ ಇಳಿದಾಗ ರಾಗ ಎಳೆದೆಳೆದು ಅಪಸ್ವರವಾಗುತ್ತದೆ, ಮೂರನ್ನೂ ಒಟ್ಟಿಗೆ ಬದಲಿಸಿ.

ಹೊಸದು ಕೊಳ್ಳುವವರು ಐಎಸ್‌ಐ ಗುರುತು ನೋಡಿ, 2021ರ ಜನವರಿಯಿಂದ ಆಟಿಕೆಗಳಿಗೆ ಅದು ಕಡ್ಡಾಯ. ಸೆಲ್ ಮುಚ್ಚಳಕ್ಕೆ ಸ್ಕ್ರೂ ಇರಲೇಬೇಕು. ಗುಂಡಿಯಂಥ ಚಪ್ಪಟೆ ಸೆಲ್ ಹಾಕುವ ಅಗ್ಗದ ಮಾದರಿ ಬೇಡವೇ ಬೇಡ: ನುಂಗಿದರೆ 2 ಗಂಟೆಯೊಳಗೆ ಅನ್ನನಾಳ ಸುಡಬಲ್ಲದು.