ಸಂವಿಧಾನ ಪ್ರಬಂಧ ಸ್ಪರ್ಧೆ: ಬರೆಯಿರಿ, ಆದರೆ ಕನ್ನಡವನ್ನೂ ಕೇಳಿ

ನಮ್ಮ ಬೆಂಗಳೂರಿನ ಕಾಲೇಜೊಂದು ಕಾನೂನು ವಿದ್ಯಾರ್ಥಿಗಳಿಗಾಗಿ ನಡೆಸುವ ಸಂವಿಧಾನ ಪ್ರಬಂಧ ಸ್ಪರ್ಧೆಗೆ ಈ ಬಾರಿ ಬರೆದಿದ್ದೆ. ಬಹುಮಾನ ಬರಲಿಲ್ಲ. ಆದರೂ ಕಿರಿಯರಿಗೆ ಹೇಳುವುದು ಒಂದೇ: ಬರೆಯಿರಿ.

ವಿಷಯದ ಆಯ್ಕೆಯೇ ಇದರ ಹೆಚ್ಚುಗಾರಿಕೆ. ‘ಮೂಲಭೂತ ಹಕ್ಕುಗಳ ಮಹತ್ವ’ ಎಂಬಂಥ, ಗೈಡ್ ನೋಡಿ ತುಂಬಿಸಬಹುದಾದ ವಿಷಯ ಕೊಡಲಿಲ್ಲ. ರಾಜ್ಯಪಾಲರ ವರದಿಯೊಂದನ್ನೇ ನಂಬಿ ಸಂವಿಧಾನದ 356ನೇ ವಿಧಿಯಡಿ ರಾಜ್ಯ ಸರ್ಕಾರವನ್ನು ವಜಾ ಮಾಡಿ ರಾಷ್ಟ್ರಪತಿ ಆಳ್ವಿಕೆ ಹೇರಬಹುದೇ ಎಂದು ಕೇಳಿದರು. ಎಸ್.ಆರ್. ಬೊಮ್ಮಾಯಿ ಪ್ರಕರಣದ ತೀರ್ಪನ್ನೇ ಓದದೆ ಇದಕ್ಕೆ ಉತ್ತರಿಸಲಾಗದು. ಬೊಮ್ಮಾಯಿ ಆಗ ಕರ್ನಾಟಕದ ಮುಖ್ಯಮಂತ್ರಿ. 1989ರ ಏಪ್ರಿಲ್‌ನಲ್ಲಿ, ಅವರ ಸರ್ಕಾರಕ್ಕೆ ಕೊಟ್ಟ ಬೆಂಬಲ ಹಿಂಪಡೆಯುತ್ತೇವೆ ಎಂಬ, 19 ಶಾಸಕರ ಹೆಸರಿನ ಪತ್ರಗಳು ರಾಜ್ಯಪಾಲರ ಕೈ ಸೇರಿದವು. ಬೆನ್ನಲ್ಲೇ ಅವರಲ್ಲಿ ಏಳು ಮಂದಿ ತಮ್ಮ ಬೆಂಬಲ ಸರ್ಕಾರಕ್ಕೇ ಎಂದು ಬರೆದುಕೊಟ್ಟರು. ಸದನದಲ್ಲಿ ಬಹುಮತ ಸಾಬೀತುಪಡಿಸಲು ಮುಖ್ಯಮಂತ್ರಿ ಸಿದ್ಧರಿದ್ದರೂ ಅವಕಾಶ ಸಿಗಲಿಲ್ಲ; ರಾಷ್ಟ್ರಪತಿ ಆಳ್ವಿಕೆಯ ಘೋಷಣೆ ಹೊರಬಿತ್ತು. ವಿಧಾನಸೌಧದ ಎದುರಿಗಿರುವ ಹೈಕೋರ್ಟ್ ಅದನ್ನು ಪ್ರಶ್ನಿಸಿದ ಅರ್ಜಿಯನ್ನು ತಳ್ಳಿಹಾಕಿತು. 1994ರಲ್ಲಿ ಸುಪ್ರೀಂ ಕೋರ್ಟ್ ಆ ಘೋಷಣೆ ಅಸಾಂವಿಧಾನಿಕ ಎಂದಿತು. ದಿನವೂ ಬಸ್ಸಿನಲ್ಲಿ ಹಾದುಹೋಗುವ ಕಟ್ಟಡಗಳ ನಡುವೆ ಇಷ್ಟೆಲ್ಲ ನಡೆದಿತ್ತೆಂದು ಓದುವಾಗ ಮೈ ಜುಮ್ಮೆಂದಿತು.

ಎರಡನೆಯದು, ಸ್ಪರ್ಧೆಯ ತೀರ್ಪುಗಾರರ ಶ್ರದ್ಧೆ. ಪ್ರತಿಯೊಬ್ಬರ ಪ್ರಬಂಧವನ್ನೂ ಟಿಪ್ಪಣಿ ಬರೆದು ಹಿಂತಿರುಗಿಸಿದರು. ಬೊಮ್ಮಾಯಿ ಪ್ರಕರಣದಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠದಿಂದ ಬಂದದ್ದು ಆರು ಪ್ರತ್ಯೇಕ ಅಭಿಪ್ರಾಯಗಳು; ಯಾವ ಮಾತು ಯಾರದೆಂದು ನೋಡಿಕೊಂಡೇ ಬರೆಯಬೇಕು. ನನ್ನ ಗೆಳತಿಯ ಪುಟದ ಅಂಚಿನಲ್ಲಿ ‘ಇದು ಯಾರ ಮಾತು? ಬಹುಮತ ಇದನ್ನು ಒಪ್ಪಿತೇ?’ ಎಂಬ ಪ್ರಶ್ನೆಯಿತ್ತು. ತರಗತಿಯಲ್ಲಿ ಇಷ್ಟು ಹತ್ತಿರದಿಂದ ನಮ್ಮ ಬರವಣಿಗೆಯನ್ನು ಓದಿದವರು ಕಡಿಮೆ. ಪ್ರಮಾಣಪತ್ರಕ್ಕಿಂತ ನನಗೆ ಆ ಟಿಪ್ಪಣಿಗಳೇ ದೊಡ್ಡವು.

ಬದಲಾಗಬೇಕಾದದ್ದೂ ಇದೆ. ಪದಮಿತಿಯಲ್ಲಿ ಅಡಿಟಿಪ್ಪಣಿಯನ್ನೂ ಎಣಿಸುತ್ತಾರೆ. ಇದು ತಪ್ಪು. ಜಾಗ ಉಳಿಸಲು ವಿದ್ಯಾರ್ಥಿ ಮೊದಲು ಕತ್ತರಿಸುವುದು ಆಧಾರಗಳನ್ನೇ, ಕಾನೂನು ಬರವಣಿಗೆಗೆ ಅವೇ ಪ್ರಾಣ. ಫಲಿತಾಂಶವೂ ಹೇಳಿದ ದಿನಕ್ಕೆ ಬರಲಿಲ್ಲ, ಅದು ಹೋಗಲಿ.

ನನ್ನ ದೊಡ್ಡ ದೂರು ಭಾಷೆಯದು. ಇಂಗ್ಲಿಷ್ ಪ್ರಬಂಧಗಳಿಗೆ ಮಾತ್ರ ಅವಕಾಶ. ಕೆಳಹಂತದ ನ್ಯಾಯಾಲಯಗಳಲ್ಲಿ ಕನ್ನಡದಲ್ಲೇ ದಾವೆ ಹೂಡಿ ವಾದಿಸುವ ವಕೀಲರಿದ್ದಾರೆ. ನಾಳೆ ನಮ್ಮಲ್ಲಿ ಅನೇಕರು ಅದೇ ಕೆಲಸಕ್ಕೆ ಹೋಗುವವರು. ಮಂಡ್ಯ, ರಾಯಚೂರುಗಳಿಂದ ಬಂದ ನನ್ನ ಸಹಪಾಠಿಗಳು 356ನೇ ವಿಧಿಯ ಬಗ್ಗೆ ಊಟದ ಮೇಜಿನಲ್ಲಿ ನನಗಿಂತ ಚೆನ್ನಾಗಿ ವಾದಿಸಿದರು, ಆದರೆ ಹೆಸರು ಕೊಡಲಿಲ್ಲ. ಕನ್ನಡ ಬಲ್ಲ ಇಬ್ಬರು ತೀರ್ಪುಗಾರರನ್ನು ಸೇರಿಸಿಕೊಂಡರೆ ಸಾಕು, ಅವರೂ ಬರೆಯುತ್ತಾರೆ. ಸಂಘಟಕರಿಗೆ ಪತ್ರ ಬರೆದಿದ್ದೇನೆ; ಮುಂದಿನ ವರ್ಷ ಬರೆಯಲಿರುವವರು ನೀವೂ ಬರೆದು ಕೇಳಿ.