ಸರ್ವರ್ ನಿಂತ ರಾತ್ರಿ ಲಾಗ್‌ನಲ್ಲಿ ಏನೂ ಇರಲಿಲ್ಲ

ನಾಲ್ಕು ವಿಂಡೋಸ್ ಸರ್ವರ್ ನೋಡ್‌ಗಳು, ಅಂದರೆ ಯಂತ್ರಗಳು, ನನ್ನ ಸುಪರ್ದಿಯಲ್ಲಿವೆ. ಪ್ರತಿಯೊಂದರಲ್ಲೂ ಮೆಮೊರಿ, ಡಿಸ್ಕ್‌ಗಳ ಅಳತೆಯನ್ನು ಫೈಲ್‌ಗೆ ಬರೆಯುತ್ತಾ ಹೋಗುವ ಪರ್ಫಾರ್ಮೆನ್ಸ್ ಮಾನಿಟರ್‌ನ ಡೇಟಾ ಕಲೆಕ್ಟರ್ ಸೆಟ್ ಇತ್ತು, ಯಂತ್ರದಲ್ಲಿ ನಡೆದದ್ದನ್ನು ದಾಖಲಿಸುವ ಈವೆಂಟ್ ಲಾಗ್‌ಗಳು ಬಂದು ಸೇರಲು ಬೇರೆಯೇ ಒಂದು ಕಲೆಕ್ಟರ್ ಸರ್ವರ್ ಇತ್ತು. ‘ಮಾನಿಟರಿಂಗ್ ಎಲ್ಲಾ ಹಾಕಿದ್ದೀನಿ’ ಅಂತ ಎಷ್ಟು ಸಲ ಹೇಳಿಕೊಂಡಿದ್ದೆನೋ.

ಒಂದು ರಾತ್ರಿ ಮೂರನೇ ನೋಡ್ ಕಲ್ಲಿನ ಹಾಗೆ ಕೂತುಬಿಟ್ಟಿತು. ಪಿಂಗ್‌ಗೂ ಉತ್ತರವಿಲ್ಲ. ಬಲವಂತವಾಗಿ ರೀಸ್ಟಾರ್ಟ್ ಮಾಡಿದೆ. ಬೆಳಿಗ್ಗೆ ಕಾರಣ ಹುಡುಕಲು ಕೂತರೆ ಸಿಸ್ಟಮ್ ಲಾಗ್‌ನಲ್ಲಿ ಸಿಕ್ಕಿದ್ದು 41 ಮತ್ತು 6008 ನಂಬರಿನ ಈವೆಂಟ್‌ಗಳು, ಅಷ್ಟೇ. ಯಂತ್ರ ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಅನ್ನುವುದು ಬಿಟ್ಟರೆ ಅವೆರಡೂ ಬೇರೇನೂ ಹೇಳುವುದಿಲ್ಲ. ಅದು ನನಗೆ ಗೊತ್ತೇ ಇತ್ತು, ಪವರ್ ಬಟನ್ ಒತ್ತಿದವನೇ ನಾನು.

ಸರಿ, ಪರ್ಫಾರ್ಮೆನ್ಸ್ ಡೇಟಾ ನೋಡೋಣ ಅಂದುಕೊಂಡೆ. ಮೆಮೊರಿ ಎಷ್ಟು ಉಳಿದಿತ್ತು, ನಾನ್‌ಪೇಜ್ಡ್ ಪೂಲ್ (ಡಿಸ್ಕ್‌ಗೆ ಸರಿಸಲಾಗದ ಸಿಸ್ಟಮ್ ಮೆಮೊರಿ) ಏರುತ್ತಿತ್ತೇ, ಡಿಸ್ಕ್ ನಿಧಾನವಾಗಿತ್ತೇ ಎಂಬುದೆಲ್ಲ ಅಲ್ಲೇ ಇರಬೇಕು. ಫೋಲ್ಡರ್ ತೆರೆದರೆ ಕೊನೆಯ ಫೈಲ್ ಹಿಂದಿನ ಸಲ ಪ್ಯಾಚ್, ಅಂದರೆ ಅಪ್‌ಡೇಟ್, ಹಾಕಿದ ದಿನದ್ದು! ಕೈಯಲ್ಲಿ ಸ್ಟಾರ್ಟ್ ಒತ್ತಿ ಶುರು ಮಾಡಿದ ಕಲೆಕ್ಟರ್ ಸೆಟ್ ರೀಬೂಟ್ ಆದ ಮೇಲೆ ತಾನಾಗಿ ಏಳುವುದಿಲ್ಲ. ಪ್ಯಾಚ್ ಹಾಕಿ ರೀಬೂಟ್ ಮಾಡಿದ ದಿನವೇ ನಾಲ್ಕೂ ನೋಡ್‌ಗಳಲ್ಲಿ ಅದು ನಿಂತಿತ್ತು. ಯಾವ ಎಚ್ಚರಿಕೆಯೂ ಬಂದಿರಲಿಲ್ಲ. ಟಾಸ್ಕ್ ಶೆಡ್ಯೂಲರ್‌ನಲ್ಲಿ ಮೈಕ್ರೋಸಾಫ್ಟ್, ವಿಂಡೋಸ್, ಪಿಎಲ್‌ಎ ಎಂಬ ಫೋಲ್ಡರ್‌ಗೆ ಹೋಗಿ ಯಂತ್ರ ಶುರುವಾದಾಗಲೇ ಏಳುವಂತೆ ಆ ಸೆಟ್‌ಗೆ ‘ಅಟ್ ಸ್ಟಾರ್ಟಪ್’ ಟ್ರಿಗರ್ ಸೇರಿಸಬೇಕಿತ್ತು. ಎರಡು ನಿಮಿಷದ ಕೆಲಸ.

ಇನ್ನು ಸೆಕ್ಯುರಿಟಿ ಲಾಗ್. ಅದರ ಗರಿಷ್ಠ ಗಾತ್ರ ಡಿಫಾಲ್ಟ್ ಆಗಿ 20 ಎಂಬಿ. ತುಂಬಿದರೆ ಹಳೆಯದನ್ನು ಅಳಿಸಿ ಹೊಸದು ಬರೆದುಕೊಳ್ಳುತ್ತದೆ. ಯಾವಾಗಲೋ ಆಡಿಟ್ ಪಾಲಿಸಿ (ಏನೇನು ದಾಖಲಾಗಬೇಕು ಎಂಬ ನಿಯಮ) ಬಿಗಿ ಮಾಡುವ ಉತ್ಸಾಹದಲ್ಲಿ ಫೈರ್‌ವಾಲ್ ಒಪ್ಪಿದ ಪ್ರತಿ ಸಂಪರ್ಕವೂ 5156 ನಂಬರಿನ ಈವೆಂಟ್ ಆಗಿ ದಾಖಲಾಗುವಂತೆ ಮಾಡಿದ್ದೆ. ಹೀಗಾಗಿ ಆ 20 ಎಂಬಿಯಲ್ಲಿ ಬೆಳಗಿನ ಕೆಲವು ಗಂಟೆಗಳ 5156 ಬಿಟ್ಟರೆ ಬೇರೇನೂ ಉಳಿದಿರಲಿಲ್ಲ.

ಕೊನೆಯ ಆಸೆ ಕಲೆಕ್ಟರ್ ಸರ್ವರ್. ಅಲ್ಲಿ ಫಾರ್ವರ್ಡೆಡ್ ಈವೆಂಟ್ಸ್ ಧಾರಾಳವಾಗಿ ಬರುತ್ತಿದ್ದವು. ಒಂದು, ಎರಡು, ನಾಲ್ಕನೇ ನೋಡ್‌ಗಳಿಂದ. ಮೂರನೆಯದರಿಂದ ಕಲೆಕ್ಟರ್‌ಗೆ ಹೋಗುವ 5985 ಪೋರ್ಟ್ ಯಾವುದೋ ನೆಟ್‌ವರ್ಕ್ ಬದಲಾವಣೆಯಲ್ಲಿ ಮುಚ್ಚಿಹೋಗಿತ್ತು. ಉಳಿದ ಮೂರರ ಗದ್ದಲದಲ್ಲಿ ಒಂದರ ಮೌನ ನನಗೆ ಕೇಳಿಸಲೇ ಇಲ್ಲ. ಯಾವ ನೋಡ್‌ನಿಂದ ಏನು ಬರಬೇಕೆಂದು ಕಲೆಕ್ಟರ್‌ನಲ್ಲಿ ಬರೆದಿಟ್ಟ ಸಬ್‌ಸ್ಕ್ರಿಪ್ಷನ್ ಮೇಲೆ ರೈಟ್ ಕ್ಲಿಕ್ ಮಾಡಿ ‘ರನ್‌ಟೈಮ್ ಸ್ಟೇಟಸ್’ ನೋಡಿದ್ದರೆ ಯಾವ ನೋಡ್ ಸತ್ತಿದೆ ಎಂದು ಕಾಣುತ್ತಿತ್ತು. ಸಾಲದ್ದಕ್ಕೆ ಡೆಲಿವರಿ ಸೆಟ್ಟಿಂಗ್ ‘ಮಿನಿಮೈಜ್ ಬ್ಯಾಂಡ್‌ವಿಡ್ತ್’ನಲ್ಲಿತ್ತು, ಅಂದರೆ ಆರು ಗಂಟೆಗೊಮ್ಮೆ. ಪೋರ್ಟ್ ತೆರೆದಿದ್ದರೂ ಆ ರಾತ್ರಿಯ ಸುದ್ದಿ ಹೊತ್ತಿಗೆ ಸರಿಯಾಗಿ ಬರುತ್ತಿತ್ತೋ ಇಲ್ಲವೋ.

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಆ ಬಾಗಿಲು ಹಾಕುವುದರಲ್ಲೂ ಎಡವಿದೆ. ಭಯಕ್ಕೆ ಸೆಕೆಂಡಿಗೊಮ್ಮೆ, ಅದೂ ಎಲ್ಲ ಪ್ರೊಸೆಸ್‌ಗಳ ಎಲ್ಲ ಕೌಂಟರ್‌ಗಳನ್ನು (ಅಳತೆಗಳನ್ನು) ಸಿ ಡ್ರೈವ್‌ಗೆ ಬರೆಸಿದೆ, ಗಾತ್ರದ ಮಿತಿ ಹಾಕಲಿಲ್ಲ. ಒಂದು ನೋಡ್‌ನ ಡ್ರೈವ್ ತುಂಬಿತು. ಈಗ ಬೇಕಾದ ಹತ್ತು ಹನ್ನೆರಡು ಕೌಂಟರ್, 15 ಸೆಕೆಂಡಿಗೊಮ್ಮೆ, ತುಂಬಿದರೆ ಹಳೆಯದರ ಮೇಲೇ ಬರೆಯುವ ಸರ್ಕ್ಯುಲರ್ ಲಾಗ್, ಬೇರೆ ಡ್ರೈವ್. ಸೆಕ್ಯುರಿಟಿ ಲಾಗ್ 1 ಜಿಬಿ, 5156 ಬಂದ್. ಪ್ರತಿ ರೀಬೂಟ್ ಆದ ಮೇಲೆ ನಾಲ್ಕೂ ಕಡೆ ಹೊಸ ಫೈಲ್ ಬಂದಿದೆಯೇ ಎಂದು ಕಣ್ಣಾರೆ ನೋಡಿಯೇ ಏಳುತ್ತೇನೆ.

ಮೂರನೇ ನೋಡ್ ಆ ರಾತ್ರಿ ಯಾಕೆ ನಿಂತಿತು ಎಂಬುದು ಮಾತ್ರ ಇವತ್ತಿಗೂ ಗೊತ್ತಾಗಿಲ್ಲ. ರಿಪೋರ್ಟಿನಲ್ಲಿ ‘ಕಾರಣ’ ಎಂಬ ಜಾಗ ಹಾಗೇ ಖಾಲಿ ಇದೆ.